ಸಾಹುಕಾರರ ಚಲೋ ರಿಪೋರ್ಟು

ನನಗೂ ಶಹಾಬಾದಿನ ಫರಸಿ ಕಲ್ಲಿನ ಸಾಹುಕಾರರಿಗೂ ಇದ್ದದ್ದು ಒಂದೇ ರೋಗ. ಹೈದರಾಬಾದಿನಲ್ಲಿ ಆಸ್ಪತ್ರೆ ಒಂದೇ, ಡಾಕ್ಟರು ಒಬ್ಬರೇ, ನುಂಗುವ ಗುಳಿಗೆ ಅವೇ, ತಿಂಗಳಿಗೊಮ್ಮೆ ಎಲುಬು ಗಟ್ಟಿಯಾಗಲೆಂದು ಕೈಗೆ ಏರಿಸುವ ಬಾಟಲಿಯೂ ಅದೇ. ಆದರೆ ಅವರದು ಚಲೋ ರಿಪೋರ್ಟು, ನನ್ನದು ಕೆಟ್ಟ ರಿಪೋರ್ಟು. ಜನ ಮಗ್ಗುಲಿನವನ ಹೊಲ ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ, ಮನೆ ನೋಡಿ ಪಡುತ್ತಾರೆ, ಅಳಿಯನನ್ನು ನೋಡಿಯೂ ಪಡುತ್ತಾರೆ. ನಾನು ಮಗ್ಗುಲಿನವರ ಕ್ಯಾನ್ಸರ್ ನೋಡಿ ಹೊಟ್ಟೆಕಿಚ್ಚು ಪಟ್ಟವನು. ಅದೂ ಒಂದು ದಿನ ಎರಡು ದಿನವಲ್ಲ, ಅವರು ಇದ್ದಷ್ಟು ಕಾಲವೂ.

ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ತೊಂಬತ್ತರ ದಶಕದುದ್ದಕ್ಕೂ ಹತ್ತನೆಯ ಇಯತ್ತೆಯ ಮಕ್ಕಳಿಗೆ ವರ್ಣತಂತುವಿನ ಪಾಠ ಹೇಳಿದವನು. ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ನಡುವೆ ಒಂದು ಗಂಟು ಹಾಕಿ, "ಗಂಟಿನ ಮ್ಯಾಲಿಂದು ಗಿಡ್ಡ ತೋಳು, ಕೆಳಗಿಂದು ಉದ್ದ ತೋಳು. ಇಂಥಾವು ಒಂದೊಂದು ಕೋಶದಾಗ ಇಪ್ಪತ್ಮೂರು ಜೋಡಿ. ಜೋಡಿ ಅಂದ್ರ ಜೋಡಿ, ಒಂದು ಅಪ್ಪನ ಕಡೀದು, ಒಂದು ಅವ್ವನ ಕಡೀದು. ಹೆಚ್ಚಿಲ್ಲ, ಕಡಿಮಿಲ್ಲ" ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ದಂಡೋತಿಯಿಂದ ಬರುತ್ತಿದ್ದ ಹುಡುಗರು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಿ ಅದನ್ನೇ ಮತ್ತೆ ಹೇಳಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು, ನನಗೆ ಬೆನ್ನುನೋವು ಹಿಡಿಯಿತು. ನಮ್ಮ ಕಡೆ ಮನೆಯ ನೆಲವೆಲ್ಲ ಫರಸಿ ಕಲ್ಲು. ಉಣ್ಣುವುದು, ಓದುವುದು, ಮಲಗುವುದು ಎಲ್ಲವೂ ಅದರ ಮೇಲೆಯೇ. ಹೀಗಾಗಿ ಯಾರಿಗೆ ಬೆನ್ನು ಹಿಡಿದರೂ ಫರಸಿಯ ಥಂಡಿ ಎಂದು ಹೇಳಿ ಮುಗಿಸುತ್ತಾರೆ. ನಾನು ವಿಜ್ಞಾನದ ಮಾಸ್ತರನಾದರೂ ಹಾಗೆಯೇ ಮುಗಿಸಿದೆ. ಕೆಳಗೆ ಕೂರುವುದು ಬಿಟ್ಟೆ, ಎಣ್ಣೆ ಹಚ್ಚಿಸಿಕೊಂಡೆ, ರಾವೂರಿನ ಒಬ್ಬ ಮಾಲೀಸಿನವನಿಂದ ಬೆನ್ನು ತಿಕ್ಕಿಸಿಕೊಂಡು ಇನ್ನಷ್ಟು ನೋಯಿಸಿಕೊಂಡೆ. ಕೊನೆಗೆ ಮೆಟ್ಟಿಲು ಹತ್ತಿದರೆ ದಮ್ಮು ಬರತೊಡಗಿತು, ಮುಖ ಬಿಳಿಚಿತು. ಚಿಂಚೋಳಿಯಿಂದ ಬಂದ ನನ್ನ ಹೆಂಡತಿಯ ಅಣ್ಣ ನನ್ನನ್ನು ಒಂದು ಸಲ ನೋಡಿ, "ಇದು ಥಂಡಿ ಅಲ್ಲ ಭಾವಾ, ನಡೀರಿ ಹೈದರಾಬಾದಕ್ಕ" ಎಂದು ಎಳೆದುಕೊಂಡೇ ಹೋದ.

ಅಲ್ಲಿ ಸೊಂಟದ ಎಲುಬಿಗೆ ಸೂಜಿ ಚುಚ್ಚಿ ಮಜ್ಜೆ ತೆಗೆದರು, ತಲೆಬುರುಡೆಯ ಎಕ್ಸ್‌ರೇ ತೆಗೆದರು. ಬುರುಡೆಯಲ್ಲಿ ಹುಳು ತಿಂದ ಜೋಳದ ಕಾಳಿನಂತೆ ತೂತುಗಳಿದ್ದವು. ಮಲ್ಟಿಪಲ್ ಮೈಲೋಮಾ ಎಂದರು. ಎಲುಬಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳೆಂದು ಇರುತ್ತವೆ, ರೋಗದ ವಿರುದ್ಧ ಹೋರಾಡುವ ಸಾಮಗ್ರಿ ತಯಾರಿಸುವುದು ಅವುಗಳ ಕೆಲಸ. ಅವುಗಳಲ್ಲಿ ಒಂದು ದಾರಿ ತಪ್ಪಿ, ತನ್ನಂಥವೇ ಸಾವಿರ ಸಾವಿರ ಕೋಶಗಳನ್ನು ಹುಟ್ಟಿಸಿ ಮಜ್ಜೆ ತುಂಬುತ್ತದೆ. ಕೆಲಸಕ್ಕೆ ಬಾರದ ಪ್ರೊಟೀನು ಸುರಿಯುತ್ತದೆ. ಎಲುಬು ಕರಗಿ ಅದರ ಸುಣ್ಣವೆಲ್ಲ ರಕ್ತಕ್ಕೆ ಬರುತ್ತದೆ, ಆ ಪ್ರೊಟೀನು ಹೋಗಿ ಮೂತ್ರಪಿಂಡದಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಡಾಕ್ಟರು ಮೊದಲ ದಿನವೇ ಹೇಳಿದ್ದು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು, ಮರೆಯಬಾರದು ಎಂದು.

ಸಾಹುಕಾರರು ಸಿಕ್ಕಿದ್ದು ಅದೇ ಆಸ್ಪತ್ರೆಯ ಪಡಸಾಲೆಯಲ್ಲಿ. ಸುತ್ತಲೂ ತೆಲುಗು, ಉರ್ದು. ನಡುವೆ ಒಂದು ದಪ್ಪ ದನಿ, "ಜರಾ ಸರೀರೆಪ್ಪಾ, ಬೆನ್ನು ಭಾಳ ಹಿಡ್ಯಾಕತ್ತಾದ, ಕುಂದ್ರತೀನಿ" ಎಂದಿತು. ನಮ್ಮ ಕಡೆಯ ಮಾತು ಕೇಳಿ ನನಗೆ ಜೀವ ಬಂದಂತಾಯಿತು, ಜಾಗ ಬಿಟ್ಟುಕೊಟ್ಟೆ. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಕುತ್ತಿಗೆಯಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಶಹಾಬಾದಿನಲ್ಲಿ ಫರಸಿ ಪಾಲಿಶ್ ಮಾಡಿ ಮಾರುವ ವ್ಯಾಪಾರ. ನನ್ನ ಬೆನ್ನನ್ನು ಫರಸಿ ಕಲ್ಲು ಕೆಡಿಸಿತೆಂದು ಒಂದು ವರ್ಷ ಬೈದಿದ್ದೆನಲ್ಲ, ಆ ಕಲ್ಲು ಮಾರಿದವರೇ ನನ್ನ ಮಗ್ಗುಲಿಗೆ ಅದೇ ಬೆನ್ನು ಹಿಡಿದುಕೊಂಡು ಕುಳಿತಿದ್ದರು. ಇದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕರು. "ಕಲ್ಲಿನ ತಪ್ಪಿಲ್ಲರಿ ಮಾಸ್ತರ್ರ, ನಿಮ್ಮ ಮನಿ ಕಲ್ಲು ನಮ್ಮ ಅಂಗಡೀದು ಇರಲಿಕ್ಕಿಲ್ಲ" ಎಂದರು. ಅವರ ಹಿಂದೆ ನಿಂತಿದ್ದ ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕರು. ಅವರನ್ನು ನಾನು ಅಂದಿನಿಂದ ಅತ್ತಿಗೆಯ ಲೆಕ್ಕದಲ್ಲಿ ವೈನಿ ಎಂದು ಕರೆದೆ.

ಆಗ ಹೊಸ ಪರೀಕ್ಷೆಯೊಂದು ಬಂದಿತ್ತು. ಮಜ್ಜೆಯ ಕೋಶಗಳಿಗೆ ಹೊಳೆಯುವ ಬಣ್ಣ ಹಚ್ಚಿ, ವರ್ಣತಂತುವಿನ ಇಂಥ ತುಂಡು ಎಷ್ಟು ಪ್ರತಿ ಇದೆ ಎಂದು ಚುಕ್ಕೆ ಎಣಿಸುವುದು. ನಮ್ಮಿಬ್ಬರ ಮಜ್ಜೆಯನ್ನೂ ಮುಂಬಯಿಗೆ ಕಳಿಸಿದರು. ರಿಪೋರ್ಟು ಬಂದ ದಿನ ಇಬ್ಬರೂ ಒಟ್ಟಿಗೇ ಒಳಗೆ ಹೋದೆವು. ಸಾಹುಕಾರರೇ, "ನಮ್ಮಿಬ್ಬರಾಗ ಮುಚ್ಚುಮರಿ ಏನದರಿ, ಇಬ್ಬರಿಗೂ ಕೂಡೇ ಹೇಳ್ರಿ" ಎಂದು ಡಾಕ್ಟರಿಗೆ ಹೇಳಿಬಿಟ್ಟರು. ಅವರು ಹಾಗೆ ಹೇಳದಿದ್ದರೆ ನನ್ನ ಬದುಕಿನ ಅರ್ಧ ಸಂಕಟ ತಪ್ಪುತ್ತಿತ್ತು.

ಡಾಕ್ಟರು ಹಿಂದಿಯಲ್ಲಿ ಹೇಳಿದರು. ಸಾಹುಕಾರರ ಕೋಶಗಳಲ್ಲಿ ಎಲ್ಲ ಚುಕ್ಕೆಗಳೂ ಎರಡೆರಡು, ಇರಬೇಕಾದ ಹಾಗೆ. ನನ್ನ ಕೋಶಗಳಲ್ಲಿ ಒಂದನೆಯ ವರ್ಣತಂತುವಿನ ಉದ್ದ ತೋಳಿನ ಒಂದು ತುಂಡು ಎರಡರ ಬದಲು ನಾಲ್ಕು, ಕೆಲವುಗಳಲ್ಲಿ ಐದು. ಆ ತುಂಡಿನಲ್ಲಿರುವ ಜೀನುಗಳು ಕೋಶಕ್ಕೆ ಬೆಳೆ, ಸಾಯಬೇಡ ಎಂದು ಹೇಳುವಂಥವು. ಹೆಚ್ಚು ಪ್ರತಿ ಇದ್ದಷ್ಟೂ ಕೋಶದ ಹಟ ಹೆಚ್ಚು, ಔಷಧಕ್ಕೆ ಜಗ್ಗುವುದು ಕಡಿಮೆ, ಜಗ್ಗಿದರೂ ಬೇಗ ತಿರುಗಿ ಬರುತ್ತದೆ. "ಇದು ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದಿಲ್ಲ" ಎಂದು ಸಮಾಧಾನ ಮಾಡಿದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ, ಸಾಹುಕಾರರ ಕಡೆ ತಿರುಗಿ ಅವರಿಗೆ ಮಾತ್ರ ನಕ್ಕರು.

ಹೊರಗೆ ಬಂದ ಮೇಲೆ ಸಾಹುಕಾರರು, "ಆ ವರ್ಣತಂತು ಅಂದ್ರ ಏನ್ರಿ ಮಾಸ್ತರ್ರ?" ಎಂದು ಕೇಳಿದರು.

ಹದಿನೈದು ವರ್ಷ ಅದರ ಚಿತ್ರ ಬರೆದವನು ನಾನು. ಅದು ಕೆಟ್ಟದ್ದು ನನ್ನಲ್ಲಿ. ಅದರ ಹೆಸರನ್ನೇ ಕೇಳದ ಮನುಷ್ಯನ ಒಳಗೆ ಎರಡೆರಡು ಚುಕ್ಕೆ, ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎಂದು ನನ್ನ ಅವ್ವ ಸುಮ್ಮನೆ ಹೇಳುತ್ತಿರಲಿಲ್ಲ. "ಮುಂದ ಯಾವಾಗರ ಹೇಳ್ತೀನ್ರಿ" ಎಂದೆ. ಅವತ್ತು ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಅಂದಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ನಮ್ಮ ಪ್ರಯಾಣ. ಅವರು ಶಹಾಬಾದಿನಲ್ಲಿ ರೈಲು ಹತ್ತುತ್ತಿದ್ದರು. ವಾಡಿ ಜಂಕ್ಷನ್ನಿನಲ್ಲಿ ಅದು ಒಂದಷ್ಟು ಹೊತ್ತು ನಿಂತು ಚಿತ್ತಾಪುರಕ್ಕೆ ಬರುವಷ್ಟರಲ್ಲಿ ಡಬ್ಬಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೆ ಕಿಟಕಿಯ ಹತ್ತಿರ ಸಾಹುಕಾರರು, ಅವರ ಮಗ್ಗುಲಿಗೆ ಒಂದು ಕೆಂಪು ಟವೆಲ್ಲು, ಅದು ನನ್ನ ಜಾಗ. ಅದಕ್ಕಾಗಿ ಅವರು ಎಷ್ಟು ಜನರ ಕೂಡ ಜಗಳವಾಡಿರುತ್ತಿದ್ದರೋ. ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬರುವ ರೈಲಿನ ಕಿಟಕಿಗಳನ್ನು ನೋಡುತ್ತಿದ್ದೆ. ಅವರು ಬಂದಿರಲಿ ಎಂದಲ್ಲ. ಈ ತಿಂಗಳಾದರೂ ಅವರ ಮುಖ ಒಂಚೂರು ಇಳಿದಿರಲಿ ಎಂದು.

ಇಳಿದಿರುತ್ತಿರಲಿಲ್ಲ. ತಿಂಗಳಿಂದ ತಿಂಗಳಿಗೆ ಅವರ ಕೆನ್ನೆಗೆ ರಕ್ತ ಏರುತ್ತಿತ್ತು. ರಕ್ತದಲ್ಲಿ ಆ ಹಾಳು ಪ್ರೊಟೀನು ಎಷ್ಟಿದೆ ಎಂದು ಅಳೆಯುತ್ತಾರೆ. ಅವರದು ಬೇಸಿಗೆಯ ಕಾಗಿಣಾ ಹೊಳೆಯಂತೆ ಇಳಿದು, ಒಂದು ದಿನ ಪೂರಾ ಕಾಣದಾಯಿತು. ನನ್ನದು ಒಂದು ತಿಂಗಳು ಇಳಿದರೆ ಮರು ತಿಂಗಳು ಅಲ್ಲೇ ನಿಲ್ಲುತ್ತಿತ್ತು. ಗುಳಿಗೆಯಿಂದ ನನಗೆ ಪಾದ ಜೋಮು ಹಿಡಿಯುತ್ತಿತ್ತು, ಅವರಿಗೆ ಇಲ್ಲ. ಜೊತೆಗೆ ಕೊಡುತ್ತಿದ್ದ ಸ್ಟೆರಾಯ್ಡು ನುಂಗಿದ ದಿನ ನಾನು ಹೆಂಡತಿಯ ಮೇಲೆ, ಮಕ್ಕಳ ಮೇಲೆ, ಸೊಪ್ಪು ಮಾರುವವಳ ಮೇಲೆ ಹಾರಾಡುತ್ತಿದ್ದೆ. ಅದೇ ಗುಳಿಗೆ ನುಂಗಿ ಅವರು ಒಂದು ಹೊತ್ತಿಗೆ ಆರು ಜೋಳದ ರೊಟ್ಟಿ ಉಣ್ಣುತ್ತಿದ್ದರು. ಇನ್ನು ಸುಣ್ಣದ ಮಾತು. ನನ್ನ ಬಾಯಿಗೆ ಎಲೆ ಅಡಿಕೆ ಹೋಗಿದ್ದೇ ಇಲ್ಲ, ನನ್ನ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚು. ಅವರು ಸುಣ್ಣ ಬಳಿದ ಎಲೆಯನ್ನು ದಿನವಿಡೀ ಜಗಿದರೂ ಅವರದು ಬರೋಬ್ಬರಿ. ಇದೆಂಥ ನ್ಯಾಯ ಎಂದು ಮನಸ್ಸಿನಲ್ಲಿ ರೈಲಿನುದ್ದಕ್ಕೂ ವಾದ ಮಾಡುತ್ತಿದ್ದೆ.

ಅವರು ಮಾತ್ರ ರೈಲು ಚಿತ್ತಾಪುರ ಬಿಡುತ್ತಲೇ ಕೈಕಾಲು ತೊಳೆದು ಬಂದು, ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು, ಆ ಗದ್ದಲದಲ್ಲಿಯೇ ಪೂಜೆ ಮಾಡುತ್ತಿದ್ದರು. ಎದುರಿಗಿದ್ದವರು ಕಡಲೆ ತಿನ್ನುತ್ತಿದ್ದರು, ಮೇಲಿನ ಬರ್ತಿನವನು ಕಾಲು ಇಳಿಬಿಟ್ಟಿರುತ್ತಿದ್ದ. ಅವರ ಕಣ್ಣು ಅಂಗೈ ಬಿಟ್ಟು ಕದಲುತ್ತಿರಲಿಲ್ಲ. ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಸಂಧ್ಯಾವಂದನೆಗೆ ಕುಳಿತರೂ ಎಂದೂ ಬಾರದ ನಿರಾಳ ಅದು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಪೂಜೆ ಮುಗಿದ ಮೇಲೆ ನೀರು. ತಮ್ಮ ತೋಟದ ಬಾವಿಯ ನೀರನ್ನು ಒಂದು ಬಿಳಿ ಕ್ಯಾನಿನಲ್ಲಿ ತುಂಬಿಕೊಂಡು ಬರುತ್ತಿದ್ದರು. "ಡಾಕ್ಟರ್ ಮೂರು ಲೀಟರ್ ಅಂದಾರ, ಕುಡೀರಿ ಮಾಸ್ತರ್ರ" ಎಂದು ತಂಬಿಗೆ ಮುಂದೆ ಹಿಡಿಯುತ್ತಿದ್ದರು. ನಾನು ಬೇಡ ಎನ್ನುತ್ತಿದ್ದೆ. ನಮ್ಮ ವೈಷ್ಣವರ ಮನೆಗಳಲ್ಲಿ ಹೊರಗಿನ ನೀರಿಗೆ ಹಿಂದಿನಿಂದಲೂ ಒಂದು ತಕರಾರಿದೆ, ಅವರೂ ಅದನ್ನೇ ಕಾರಣವೆಂದು ತಿಳಿದು ಒತ್ತಾಯ ಮಾಡುತ್ತಿರಲಿಲ್ಲ. ಸ್ಟೇಷನ್ನಿನ ಗಾಡಿಯಲ್ಲಿ ಚಹಾ ಕುಡಿಯುವ ನನಗೆ ಅಂಥ ತಕರಾರೇನೂ ಇರಲಿಲ್ಲ. ಅವರಿಂದ ಏನನ್ನೂ ತೆಗೆದುಕೊಳ್ಳುವ ಮನಸ್ಸಿರಲಿಲ್ಲ, ಅಷ್ಟೇ. ನನಗೆ ಬೇಕಾದದ್ದು ಅವರ ಎರಡು ಚುಕ್ಕೆ. ಅದನ್ನು ಕೊಡಲಾರದವರು ನೀರು ಕೊಟ್ಟರೆ ನನಗೇನು ಎಂಬ ಸಿಟ್ಟು.

ಒಂದು ತಿಂಗಳು ನನ್ನ ಪ್ರೊಟೀನು ಇಳಿಯುವ ಬದಲು ಏರಿತ್ತು. ಅದೇ ದಿನ ಡಾಕ್ಟರು ಸಾಹುಕಾರರ ಬೆನ್ನು ತಟ್ಟಿದ್ದರು. ಮರಳಿ ಬರುವಾಗ ರೈಲಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಔಷಧ ಇಬ್ಬರಿಗೂ ಒಂದೇ. ಎತ್ತರ, ಗಾತ್ರ, ರಕ್ತ, ಧೈರ್ಯ, ರಿಪೋರ್ಟು ಎಲ್ಲದರಲ್ಲೂ ಅವರದೇ ಮೇಲುಗೈ. ಅವರಲ್ಲಿ ಇಲ್ಲದ್ದು, ನನ್ನಲ್ಲಿ ಇರುವುದು ಯಾವುದಾದರೂ ಇದೆಯೇ ಎಂದು ಹುಡುಕಿದೆ. ಸೇಡಂ ದಾಟುವಾಗ ಹೊಳೆಯಿತು, ಏಕಾದಶಿ. ಅವರ ಪದ್ಧತಿಯಲ್ಲಿ ಅದಿಲ್ಲ. ನಮ್ಮಲ್ಲಿ ಅದು ಉಪವಾಸಗಳ ರಾಜ. ನಿಜ ಹೇಳಬೇಕೆಂದರೆ ನನ್ನ ಏಕಾದಶಿ ಆವರೆಗೆ ಸಾಬೂದಾಣಿ ಖಿಚಡಿ, ಕರಿದ ಅವಲಕ್ಕಿ, ನಾಲ್ಕು ಸಲ ಚಹಾದ ಏಕಾದಶಿ. ಈ ಸಲ ಹಾಗಲ್ಲ. ಬರುವುದು ಜ್ಯೇಷ್ಠದ ನಿರ್ಜಲ ಏಕಾದಶಿ, ವರ್ಷದ ಇಪ್ಪತ್ತನಾಲ್ಕರ ಪುಣ್ಯ ಅದೊಂದರಲ್ಲೇ ಬರುತ್ತದೆ ಎನ್ನುತ್ತಾರೆ. ಒಂದು ಹನಿ ನೀರೂ ಮುಟ್ಟುವುದಿಲ್ಲ ಎಂದು ನಿರ್ಧರಿಸಿದೆ.

ಹೆಂಡತಿ ಅಡ್ಡ ನಿಂತಳು. "ನೀರು ಬಿಡಬ್ಯಾಡ್ರಿ ಅಂತ ಡಾಕ್ಟರು ಹೇಳ್ಯಾರ. ರೋಗಿಗೆ ಶಾಸ್ತ್ರದಾಗೂ ವಿನಾಯ್ತಿ ಅದ" ಎಂದಳು.

"ನನಗ ವಿನಾಯ್ತಿ ಎಲ್ಲೂ ಸಿಕ್ಕಿಲ್ಲ, ಇಲ್ಲೊಂದು ಯಾಕ ಬೇಕು?" ಎಂದೆ.

ನಮ್ಮ ಕಡೆಯ ಜ್ಯೇಷ್ಠ ಎಂದರೆ ಮಳೆಯೂ ಇಲ್ಲ, ಬೇಸಿಗೆಯೂ ಹೋಗಿಲ್ಲ. ಫರಸಿಯ ನೆಲ ಹೆಂಚಿನಂತೆ ಕಾಯ್ದಿರುತ್ತದೆ. ದಶಮಿಯ ಸಂಜೆಯಿಂದಲೇ ನೀರು ಬಿಟ್ಟೆ. ಏಕಾದಶಿಯ ಮಧ್ಯಾಹ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಜಪಮಣಿ ಹಿಡಿದು ಕುಳಿತಿದ್ದೆ, ಆದರೆ ಕಣ್ಣ ಮುಂದೆ ದೇವರಿರಲಿಲ್ಲ. ಮುಂದಿನ ಸೋಮವಾರ ಡಾಕ್ಟರು ನನ್ನ ಬೆನ್ನು ತಟ್ಟುತ್ತಾರೆ, ಸಾಹುಕಾರರು ಮಗ್ಗುಲಿನಲ್ಲಿ ನಿಂತು ನೋಡುತ್ತಾರೆ, ಅದೇ ಕಾಣುತ್ತಿತ್ತು. ದ್ವಾದಶಿಯ ಬೆಳಗ್ಗೆ ಪಾರಣೆಗೆ ಕುಳಿತವನು ತೀರ್ಥ ಬಾಯಿಗೆ ಹಾಕಿದ ಕೂಡಲೇ ವಾಂತಿ ಮಾಡಿದೆ. ಮೂತ್ರ ನಿಂತುಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಯಾರು ಬಂದರು, ಯಾರು ಹೋದರು ತಿಳಿಯದಾಯಿತು. ಒಂದು ಜೀಪು ಮಾಡಿ ಹೈದರಾಬಾದಿಗೆ ಹಾಕಿಕೊಂಡು ಹೋದರು.

ಎಚ್ಚರವಾದಾಗ ಎರಡೂ ಕೈಗೆ ಸಲಾಯಿನ್ ಇತ್ತು. ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು ಬಿದ್ದಿತ್ತು. "ಈ ರೋಗದಲ್ಲಿ ನೀರು ಬಿಡುವುದೆಂದರೆ ಕತ್ತು ನೀವೇ ಹಿಸುಕಿಕೊಂಡಂತೆ, ಓದಿದವರು ನೀವು" ಎಂದು ಡಾಕ್ಟರು ಬೈದರು. ಮಾಡಿದ್ದುಣ್ಣೋ ಮಹಾರಾಯ ಎಂದು ಹೆಂಡತಿ ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿತ್ತು. ಮೂತ್ರ ಮತ್ತೆ ಹರಿಯುವವರೆಗೆ ಬದುಕುವ ಖಾತ್ರಿ ಇರಲಿಲ್ಲ.

ಮರುದಿನ ಬಾಗಿಲಿನಲ್ಲಿ ಬಿಳಿ ಕ್ಯಾನು ಕಂಡಿತು, ಅದರ ಹಿಂದೆ ಸಾಹುಕಾರರು, ವೈನಿ. ಸುದ್ದಿ ತಿಳಿದ ಕೂಡಲೇ ಅಂಗಡಿ ಮುಚ್ಚಿ ರೈಲು ಹತ್ತಿದ್ದರು. ಕುರ್ಚಿ ಎಳೆದುಕೊಂಡು ಕುಳಿತು, "ಮಾಸ್ತರ್ರ, ಯಾಕ ನೀರು ಬಿಟ್ರಿ?" ಎಂದು ಮೆಲ್ಲಗೆ ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಮನಸ್ಸಿನ ಲೆಕ್ಕವೆಲ್ಲ ಇವರಿಗೆ ಗೊತ್ತಾಗಿದೆ ಎಂದೇ ಹೆದರಿದೆ. "ಏಕಾದಶಿ ಇತ್ರಿ" ಎಂದೆ, ಅಷ್ಟೇ.

ಅವರು ಕೈ ಮುಗಿದರು. ಅಣಕವಲ್ಲ, ಖರೆಯೇ ಮುಗಿದರು. "ನೋಡಿದೇನ, ಜೀವ ಹೋಗೂ ಹೊತ್ತಿನಾಗೂ ನೇಮ ಬಿಟ್ಟಿಲ್ಲ" ಎಂದು ವೈನಿಗೆ ಹೇಳಿದರು. ಆಮೇಲೆ ಒಂದಷ್ಟು ಯೋಚನೆ ಮಾಡಿ, "ನಮ್ಮದು ಈಗ ಚಲೋ ಅದ, ಆದರ ಮುಂದ ಹ್ಯಾಂಗೋ ಏನೋ. ನಾನೂ ಒಂದು ಏಕಾದಶಿ ಮಾಡ್ಲೇನ್ರಿ ಮಾಸ್ತರ್ರ?" ಎಂದು ಕೇಳಿದರು.

ಬೇಡ ಎಂಬ ಮಾತು ನನ್ನ ಬಾಯಿಂದ ಕೂಡಲೇ ಬರಲಿಲ್ಲ. ಬಂತು, ಆದರೆ ಬರುವ ಮೊದಲು ನನ್ನ ಕಣ್ಣು ಅವರ ಕೆನ್ನೆಯ ಮೇಲೆ ಒಂದು ಗಳಿಗೆ ನಿಂತಿತ್ತು. ಅಷ್ಟರಲ್ಲಿ ವೈನಿಯವರೇ, "ನಮ್ಮ ಮನಿತನದಾಗ ಅದಿಲ್ಲ, ಸುಮ್ಮ ಕುಂದ್ರಿ" ಎಂದು ಗದರಿದರು. ಆಗ ನಾನೂ ಬೇಡ ಬೇಡ ಎಂದೆ. ವೈನಿ ನನ್ನನ್ನು ನೋಡಿದರು. ಆ ನೋಟ ನನಗೆ ಆಗ ಅಷ್ಟು ಅರ್ಥವಾಗಲಿಲ್ಲ.

ಅಂದು ಅವರ ಕ್ಯಾನಿನ ನೀರು ಕುಡಿದೆ. ತೋಟದ ಬಾವಿಯ ನೀರು ಸ್ವಲ್ಪ ಉಪ್ಪು, ನಮ್ಮ ಕಡೆಯ ಕಲ್ಲಿನ ನೆಲದ ನೀರೆಲ್ಲ ಹಾಗೆಯೇ. ಮುಂದಿನ ತಿಂಗಳಿಂದ ಅವರು ರೈಲಿನಲ್ಲಿ ನನ್ನ ಮೇಲೆ ಪಹರೆ ಕುಳಿತರು. ಸೇಡಂ ಬರುವಷ್ಟರಲ್ಲಿ ಒಂದು ತಂಬಿಗೆ ಮುಗಿಯಬೇಕು, ತಾಂಡೂರು ಬರುವಷ್ಟರಲ್ಲಿ ಇನ್ನೊಂದು. ಎದುರಿಗೆ ಕುಳಿತವರಿಗೆಲ್ಲ, "ಇವ್ರು ಭಾಳ ನೇಮಸ್ತರು, ಏಕಾದಶಿ ದಿವಸ ಒಂದು ಹನಿ ನೀರು ಮುಟ್ಟಲಾರದ ಸಾವಿನ ಬಾಯಾಗ ಹೋಗಿ ಬಂದಾರ" ಎಂದು ನನ್ನ ಕಥೆ ಹೇಳುತ್ತಿದ್ದರು. ಮುದುಕಿಯರು ನನಗೆ ನಮಸ್ಕಾರ ಮಾಡುತ್ತಿದ್ದರು. ನಾನು ತಂಬಿಗೆಯಲ್ಲಿ ಮುಖ ಹುದುಗಿಸುತ್ತಿದ್ದೆ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಇಷ್ಟು ದಿನ ರಿಪೋರ್ಟಿಗಾಗಿ ಇತ್ತು, ಈಗ ಇಷ್ಟು ಒಳ್ಳೆಯವರಾಗಿರುವುದಕ್ಕೂ ಸೇರಿಕೊಂಡಿತು.

ಅಷ್ಟರಲ್ಲಿ ಹೊಸ ಇಂಜೆಕ್ಷನ್ ಬಂತು, ನನಗೆ ಶುರು ಮಾಡಿದರು. ಡಾಕ್ಟರಿಗೂ ಹೆಚ್ಚಿನ ಭರವಸೆ ಇರಲಿಲ್ಲ. ನನ್ನ ನಾಲ್ಕೈದು ಚುಕ್ಕೆಗಳಿಗೆ ಏನಾಯಿತೋ, ಪ್ರೊಟೀನು ಮೆಲ್ಲಗೆ ಇಳಿಯತೊಡಗಿತು. ಪೂರಾ ಹೋಗಲಿಲ್ಲ, ಆದರೆ ಇಳಿದು ನಿಂತಿತು. ನಾನು ಮತ್ತೆ ಶಾಲೆಗೆ ಹೋಗತೊಡಗಿದೆ. ವರ್ಣತಂತುವಿನ ಪಾಠ ಬಂದಾಗ ಮಾತ್ರ ಮೇಜು ಕುಟ್ಟಲಿಲ್ಲ, ಸಾಮಾನ್ಯವಾಗಿ ಜೋಡಿ ಇರ್ತಾವ ಎಂದು ಹೇಳಿ ಮುಂದೆ ಹೋದೆ.

ಒಂದು ಚಳಿಗಾಲದ ಬೆಳಗ್ಗೆ ಸಾಹುಕಾರರ ಅಂಗಡಿಯಿಂದ ಫೋನು ಬಂತು. ನೆಗಡಿ ಎಂದು ಎರಡು ದಿನ ಮಲಗಿದ್ದರಂತೆ. ಅದು ಎದೆಗೆ ಇಳಿಯಿತಂತೆ. ಈ ರೋಗದವರಿಗೆ ಸೋಂಕು ತಡೆಯುವ ಶಕ್ತಿ ಇರುವುದಿಲ್ಲ, ರಿಪೋರ್ಟು ಎಷ್ಟೇ ಚಲೋ ಇದ್ದರೂ ಇರುವುದಿಲ್ಲ. ಹೈದರಾಬಾದಿಗೆ ಒಯ್ಯಬೇಕೆನ್ನುವಷ್ಟರಲ್ಲಿ ಮುಗಿದಿತ್ತು.

ಮಣ್ಣಿಗೆ ಹೋದೆ. ಫರಸಿ ಹಾಸಿದ ಅಂಗಳದಲ್ಲಿ ಅವರನ್ನು ಕೂರಿಸಿದ್ದರು, ಹೂವಿನ ನಡುವೆ, ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ರೈಲಿನಲ್ಲಿ ಕೂರುತ್ತಿದ್ದ ಹಾಗೆಯೇ ಕುಳಿತಿದ್ದರು. ಎಲ್ಲರೂ ಅಳುತ್ತಿದ್ದರು. ನನ್ನ ಕಣ್ಣಿಗೆ ನೀರು ಬರಲಿಲ್ಲ. ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ಇವರಿಗೆ ಎರಡೇ ಚುಕ್ಕೆ ಇದ್ದವಲ್ಲ, ಇವರಿಗೆ ಎರಡೇ ಇದ್ದವಲ್ಲ. ಆಮೇಲೆ ಇನ್ನೊಂದು ಯೋಚನೆಯೂ ಬಂತು. ರೋಗ ತಿರುಗಿ ಬರುವುದನ್ನು ಕಾಯುತ್ತ ಕೂರುವ ಕೆಲಸ ಇವರಿಗೆ ಬರಲೇ ಇಲ್ಲ, ಅದು ನನ್ನ ಪಾಲಿಗೇ ಉಳಿಯಿತು. ಸತ್ತವರ ಮುಂದೆ ಕುಳಿತು ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ. ಗೋಡೆಗೆ ಒರಗಿ ಕುಳಿತಿದ್ದ ವೈನಿ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿ ತಲೆ ತಗ್ಗಿಸಿದರು.

ಮುಂದಿನ ಮೊದಲ ಸೋಮವಾರ ಚಿತ್ತಾಪುರದ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದೆ. ಇಂದಿನಿಂದ ತಾಂಡೂರಿನಲ್ಲಿ ಜನ ಇಳಿಯುವವರೆಗೆ ನಿಂತೇ ಹೋಗಬೇಕು ಎಂದುಕೊಂಡೆ. ರೈಲು ಬಂತು. ಹಳೆಯ ರೂಢಿಯಂತೆ ಕಿಟಕಿ ನೋಡಿದೆ. ಅದೇ ಜಾಗದಲ್ಲಿ ವೈನಿ ಕುಳಿತಿದ್ದರು. ಮಗ್ಗುಲಿಗೆ ಕೆಂಪು ಟವೆಲ್ಲು ಹಾಸಿತ್ತು, ಕಾಲ ಹತ್ತಿರ ಬಿಳಿ ಕ್ಯಾನು.

"ತಾಂಡೂರಕ್ಕ ತಮ್ಮನ ಮನಿಗಿ ಹೊಂಟೀನ್ರಿ. ನೀವು ಇದೇ ಗಾಡಿಗಿ ಬರ್ತೀರಿ ಅಂತ ಗೊತ್ತಿತ್ತು. ಕುಂದ್ರಿ" ಎಂದರು.

ಕುಳಿತೆ. ರೈಲು ಹೊರಟಿತು. ಅವರು ಹೊರಗೆ ನೋಡುತ್ತಿದ್ದಾರೆ ಎಂದುಕೊಂಡಿದ್ದೆ, ತಿರುಗಿದರೆ ನನ್ನನ್ನೇ ನೋಡುತ್ತಿದ್ದರು. ಮೊದಲು ನನ್ನ ಕೆನ್ನೆ, ಆಮೇಲೆ ಉಗುರು, ಆಮೇಲೆ ಕೊರಳಪಟ್ಟಿ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು. ಆ ನೋಟವನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಇದೇ ಹಲಗೆಯ ಮೇಲೆ ಕುಳಿತು ಅವರ ಗಂಡನ ಮೈಯಲ್ಲಿ ನಾನು ಹುಡುಕುತ್ತಿದ್ದ ಜಾಗಗಳು ಅವೇ, ಅದೇ ಕ್ರಮದಲ್ಲಿ.

"ಕೆಟ್ಟದ್ದು ನಿಮ್ಮದು ಅಂದಿದ್ರಲ್ಲರಿ ಡಾಕ್ಟರ್" ಎಂದರು.

"ಹೌದ್ರಿ ವೈನಿ."

"ಅವರದು ಚಲೋ ಅಂದಿದ್ರು."

"ಹೌದ್ರಿ."

"ಮತ್ತ?"

ನಾನು ಮಾಸ್ತರ, ಉತ್ತರ ನನ್ನ ಹತ್ತಿರ ಇತ್ತು. ಸೋಂಕು ಬೇರೆ, ವರ್ಣತಂತು ಬೇರೆ, ರಿಪೋರ್ಟು ಹೇಳುವುದು ಸಾವಿರ ಜನರ ಮಾತು, ಒಬ್ಬರ ಮಾತಲ್ಲ. ಹೇಳಲು ಶುರುವೂ ಮಾಡಿದೆ. ಅವರು ಕೇಳುತ್ತಿರಲಿಲ್ಲ, ನನ್ನ ಕೆನ್ನೆಯನ್ನೇ ನೋಡುತ್ತಿದ್ದರು. ನಡುವೆ ನಿಲ್ಲಿಸಿದೆ.

"ನೀವು ಅವರಕಿಂತ ಮೊದಲ ಹೋಗಿದ್ರ ಅವರು ಭಾಳ ಅಳ್ತಿದ್ರರಿ" ಎಂದರು ವೈನಿ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುವ ದನಿ.

ಹೊರಗೆ ಸೇಡಂ ಸ್ಟೇಷನ್ನಿನ ಬೋರ್ಡು ಬಂತು. ವೈನಿ ಬಗ್ಗಿ ಕ್ಯಾನಿನ ಮುಚ್ಚಳ ತೆಗೆದರು. ತಂಬಿಗೆ ತುಂಬಿಸಿ, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

"ಸೇಡಂ ಬಂತು. ಕುಡೀರಿ" ಎಂದರು.

ನಾನು ಕುಡಿಯುವವರೆಗೂ ಅವರು ನೋಡುತ್ತಲೇ ಇದ್ದರು. ತಂಬಿಗೆ ಮರಳಿ ತೆಗೆದುಕೊಂಡು, ತಾಂಡೂರಿಗೆಂದು ಅದನ್ನು ಮತ್ತೆ ತುಂಬಿಸಿಟ್ಟರು.